ತಪ್ಪು ನನ್ನದಲ್ಲ, ದುಡ್ಡು ಯಾರದು?

"ನಾನು ಬ್ರೇಕ್ ಹಾಕಿ ನಿಂತಿದ್ದೆ ಅಂಕಲ್. ಹಿಂದಿನಿಂದ ಬಂದು ಗುದ್ದಿದ್ದು ಅವನು. ಹಾಗಿದ್ದ ಮೇಲೆ ನನ್ನ ಇನ್ಶೂರೆನ್ಸ್‌ನಲ್ಲಿ ನಾನ್ಯಾಕೆ ರಿಪೇರಿ ಮಾಡಿಸಬೇಕು?"

"ಮಾಡಿಸಲೇಬೇಕು ಅಂತ ಯಾರು ಹೇಳಿದ್ದು?"

"ಶೋರೂಮಿನವರು, ಏಜೆಂಟು, ನಮ್ಮ ಆಫೀಸಿನವರು. ಎಲ್ಲರೂ ಅದನ್ನೇ ಹೇಳ್ತಾರೆ."

"ಎಲ್ಲರೂ ಅರ್ಧ ನಿಜ ಹೇಳಿದಾರೆ," ಎಂದು ಹಿರಿಯರು ಕಾಫಿ ಲೋಟ ಕೆಳಗಿಟ್ಟರು.

ಇಬ್ಬರೂ ಉತ್ತರ ಬೆಂಗಳೂರಿನ ಸಿಂಗಾಪುರದವರು, ಒಂದೇ ಬೀದಿಯವರು. ಹಿರಿಯರು ಮೂರು ದಶಕ ವಾಹನ ವಿಮೆಯ ಸರ್ವೇಯರ್ ಆಗಿದ್ದು ಈಗ ಮನೆಯಲ್ಲಿದ್ದಾರೆ. ಆಕೆಗೆ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ. ಸಂಜೆ ಮನೆಗೆ ಬರುವಾಗ ಹೆಬ್ಬಾಳ ಮೇಲ್ಸೇತುವೆಯ ಬುಡದಲ್ಲಿ ಸರಕು ತುಂಬಿದ ಟೆಂಪೊವೊಂದು ಅವಳ ಕಾರಿನ ಹಿಂಭಾಗವನ್ನು ಒಳಗೆ ತಳ್ಳಿದೆ. ಬಂಪರ್ ಸೀಳಿದೆ, ಡಿಕ್ಕಿಯ ಬಾಗಿಲು ಮುಚ್ಚುತ್ತಿಲ್ಲ, ಒಂದು ಟೇಲ್ ಲ್ಯಾಂಪ್ ಪುಡಿಯಾಗಿದೆ. ಯಾರಿಗೂ ಗಾಯವಾಗಿಲ್ಲ. ಮಾತು ನಡೆದದ್ದು ಎಂ.ಎಸ್. ಪಾಳ್ಯದ ದರ್ಶಿನಿಯೊಂದರ ಮುಂದೆ, ನಿಂತುಕೊಂಡೇ.

"ನಿನ್ನ ಪಾಲಿಸಿ ಒಂದೇ ಕಾಗದವಾದರೂ ಅದರೊಳಗೆ ಎರಡು ಇನ್ಶೂರೆನ್ಸ್ ಇದೆ," ಎಂದು ಅವರು ಶುರು ಮಾಡಿದರು. "ಒಂದು ಥರ್ಡ್ ಪಾರ್ಟಿ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಪ್ರಕಾರ ಅದಿಲ್ಲದೆ ಗಾಡಿಯನ್ನು ರಸ್ತೆಗಿಳಿಸುವಂತಿಲ್ಲ. ಅದು ನಿನ್ನ ಗಾಡಿಗಲ್ಲ, ನಿನ್ನಿಂದ ಬೇರೆಯವರಿಗೆ ಆಗೋ ನಷ್ಟಕ್ಕೆ. ಇನ್ನೊಂದು ಓನ್ ಡ್ಯಾಮೇಜ್. ಅದು ನಿನ್ನ ಗಾಡಿಗೆ. ಅಲ್ಲಿ ತಪ್ಪು ಯಾರದು ಅನ್ನೋ ಪ್ರಶ್ನೇನೇ ಬರಲ್ಲ. ನೀನೇ ಹೋಗಿ ಕಾಂಪೌಂಡಿಗೆ ಗುದ್ದಿದ್ರೂ ಕೊಡ್ತಾರೆ, ಟೆಂಪೊ ಬಂದು ನಿನಗೆ ಗುದ್ದಿದ್ರೂ ಕೊಡ್ತಾರೆ."

"ಅಂದ್ರೆ ನಾನು ಸರಿಯಾಗಿ ಓಡಿಸಿದ್ದಕ್ಕೆ ಬೆಲೆಯೇ ಇಲ್ವಾ?"

"ಅಲ್ಲಿ ಇಲ್ಲ. ಟೆಂಪೊದವನ ಪಾಲಿಸಿಯಲ್ಲಿ ಇದೆ. ಅವನ ಪಾಲಿಸಿಗೆ ನೀನು ಥರ್ಡ್ ಪಾರ್ಟಿ. ನಿನ್ನ ಕಾರು ಥರ್ಡ್ ಪಾರ್ಟಿ ಆಸ್ತಿ. ಅದಕ್ಕೆ ಸಾಮಾನ್ಯವಾಗಿ ಏಳೂವರೆ ಲಕ್ಷದವರೆಗೆ ಹೊಣೆ ಇರುತ್ತೆ. ಗುದ್ದಿದ್ದು ಬೈಕೋ ಸ್ಕೂಟರೋ ಆಗಿದ್ರೆ ಒಂದು ಲಕ್ಷ. ಪ್ರೀಮಿಯಂನಲ್ಲಿ ನಾಲ್ಕು ಕಾಸು ಉಳಿಯಲಿ ಅಂತ ಕೆಲವರು ಅದನ್ನು ಬರೀ ಆರು ಸಾವಿರಕ್ಕೆ ಇಳಿಸಿಕೊಂಡಿರ್ತಾರೆ. ಹಾಗಾದಾಗ ಮಿಕ್ಕಿದ್ದನ್ನು ಗಾಡಿ ಮಾಲೀಕನ ಜೇಬಿನಿಂದಲೇ ವಸೂಲು ಮಾಡಬೇಕು."

"ಸರಿ, ಹಾಗಾದ್ರೆ ಅವನ ಕಂಪನಿಗೆ ಫೋನ್ ಮಾಡಿ ಕೇಳ್ತೀನಿ."

ಹಿರಿಯರು ನಕ್ಕರು. ಅವಳು ಹೇಳಿದ್ದು ಅಮೆರಿಕದಲ್ಲಿ ನಡೆಯುವ ಮಾತು. ಅಲ್ಲಿ ಗುದ್ದಿಸಿಕೊಂಡವರು ಗುದ್ದಿದವರ ಕಂಪನಿಗೆ ನೇರವಾಗಿ ಕ್ಲೇಮ್ ಹಾಕುತ್ತಾರೆ, ಆ ಕಂಪನಿಯ ಅಡ್ಜಸ್ಟರ್ ಬಂದು ಮಾತಾಡುತ್ತಾನೆ, ಬಾಡಿಗೆ ಕಾರಿನ ಖರ್ಚೂ ಚರ್ಚೆಗೆ ಬರುತ್ತದೆ. ಇಲ್ಲಿ ಎದುರಾಳಿಯ ಕಂಪನಿ ಫೋನಿನಲ್ಲಿ ಹೇಳುವ ಉತ್ತರ ಒಂದೇ: ನೀವು ನಮ್ಮ ಗ್ರಾಹಕರಲ್ಲ, ಕೋರ್ಟಿನ ಆದೇಶ ತನ್ನಿ. ಆ ಕೋರ್ಟು ಎಂದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ, ಜನರ ಬಾಯಲ್ಲಿ ಎಂಎಸಿಟಿ. ಬೆಂಗಳೂರಿನಲ್ಲಿ ಆ ಕೆಲಸ ಮಾಡುವುದು ಲಘು ವ್ಯವಹಾರಗಳ ನ್ಯಾಯಾಲಯ. ಅಲ್ಲಿ ಅರ್ಜಿಗೆ ಬೀಳುವ ಎಂವಿಸಿ ನಂಬರು ವಕೀಲರ ಗುಮಾಸ್ತರಿಗೆ ಬಾಯಿಪಾಠ. ಎಂಎಸಿಟಿ ಸಾವು, ಗಾಯಗಳಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಕಾಯ್ದೆಯ 165ನೇ ಕಲಂ ಮೂರನೆಯವರ ಆಸ್ತಿ ನಷ್ಟವನ್ನೂ ಅದರ ವ್ಯಾಪ್ತಿಗೆ ಸೇರಿಸಿದೆ. ಅಪಘಾತ ನಡೆದ ಜಾಗದಲ್ಲಲ್ಲದೆ ಅರ್ಜಿದಾರರು ವಾಸಿಸುವ ಊರಿನಲ್ಲೂ ಅರ್ಜಿ ಹಾಕಬಹುದು.

"ಎಷ್ಟು ದಿನ ಹಿಡಿಯುತ್ತೆ?"

"ದಿನ ಅಲ್ಲಮ್ಮಾ, ವರ್ಷದ ಲೆಕ್ಕ. ಲೋಕ ಅದಾಲತ್‌ನಲ್ಲಿ ರಾಜಿಯಾದ್ರೆ ಬೇಗ. ಅಲ್ಲೀವರೆಗೆ ನೀನು ಡಿಕ್ಕಿಗೆ ಹಗ್ಗ ಕಟ್ಟಿಕೊಂಡು ಆಫೀಸಿಗೆ ಹೋಗ್ತೀಯಾ? ಅದಕ್ಕೇ ಎಲ್ಲರೂ ನಿನ್ನ ಇನ್ಶೂರೆನ್ಸ್‌ನಲ್ಲೇ ಮಾಡಿಸು ಅಂತಾರೆ. ಕಂಪನಿಗಳಿಗೂ ಅದೇ ಬೇಕು. ಅವರ ನಡುವೆ 'ನಾಕ್ ಫಾರ್ ನಾಕ್' ಅಂತ ಒಂದು ಒಪ್ಪಂದ ಇದೆ. ನಿನ್ನ ಗ್ರಾಹಕನಿಗೆ ನೀನು ಕೊಡು, ನನ್ನವನಿಗೆ ನಾನು ಕೊಡ್ತೀನಿ, ಒಬ್ಬರ ಮೇಲೊಬ್ಬರು ಕೇಸು ಹಾಕೋದು ಬೇಡ ಅಂತ. ಅವರಿಗೆ ಖರ್ಚು ಉಳಿಯುತ್ತೆ. ಆದರೆ ಆ ಒಪ್ಪಂದ ಕಂಪನಿ ಕಂಪನಿಗಳ ನಡುವಿನದು. ಅದಕ್ಕೆ ನೀನು ಸಹಿ ಹಾಕಿಲ್ಲ, ಅದು ನಿನ್ನನ್ನು ಕಟ್ಟಿಹಾಕೋದೂ ಇಲ್ಲ."

ಆಕೆ ಫೋನಿನಲ್ಲಿ ಗ್ಯಾರೇಜಿನ ಎಸ್ಟಿಮೇಟ್ ತೆರೆದು ತೋರಿಸಿದಳು. ಬಂಪರ್ 9,000 ರೂಪಾಯಿ, ಡಿಕ್ಕಿ ಬಾಗಿಲು 16,000, ಟೇಲ್ ಲ್ಯಾಂಪ್ 5,000, ಲೇಬರ್ 6,000, ಪೇಂಟಿಂಗ್ 12,000. ಜಿಎಸ್‌ಟಿ ಬಿಟ್ಟು ಒಟ್ಟು 48,000. ಕಾರಿಗೆ ನಾಲ್ಕು ವರ್ಷ ದಾಟಿದೆ, ಐದು ತುಂಬಿಲ್ಲ. ಕಳೆದ ಸಲ ರಿನ್ಯೂ ಮಾಡಿಸುವಾಗ, ಭಾಗಗಳ ಸವಕಳಿಯನ್ನು ಕ್ಲೇಮಿನಲ್ಲಿ ಕಳೆಯದಂತೆ ತಡೆಯುವ ಜೀರೋ ಡೆಪ್ ಬೇಡ ಎಂದು ಬಿಟ್ಟಿದ್ದಳು.

"ಹಾಗಾದ್ರೆ ಕೂತು ಲೆಕ್ಕ ಹಾಕೋಣ," ಎಂದು ಹಿರಿಯರು ದರ್ಶಿನಿಯ ಬಿಲ್ಲಿನ ಹಿಂಬದಿಗೆ ಪೆನ್ನು ಹಚ್ಚಿದರು. ಕೂರಲು ಜಾಗವಿರಲಿಲ್ಲ. ನಿಂತೇ ಬರೆದರು.

ಸವಕಳಿಯ ದರಗಳು 2002ರ ಜುಲೈ 1ರಿಂದ ಜಾರಿಗೆ ಬಂದ ಇಂಡಿಯಾ ಮೋಟಾರ್ ಟ್ಯಾರಿಫ್‌ನವು. ಪ್ರೀಮಿಯಂ ದರಗಳು 2007ರಿಂದ ಮುಕ್ತವಾದವು, ಪಾಲಿಸಿಯ ಒಕ್ಕಣೆ ಮಾತ್ರ ಬಹುಮಟ್ಟಿಗೆ ಹಾಗೇ ಉಳಿಯಿತು. ಪ್ಲಾಸ್ಟಿಕ್, ರಬ್ಬರ್, ನೈಲಾನ್ ಭಾಗ, ಟೈರು, ಬ್ಯಾಟರಿಗೆ ಕಾರು ಎಷ್ಟೇ ಹೊಸದಾಗಿರಲಿ ಶೇ. 50 ಕಡಿತ. ಫೈಬರ್ ಗ್ಲಾಸಿಗೆ ಶೇ. 30. ಗಾಜಿಗೆ ಕಡಿತವಿಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸು ನೋಡಿ ಕಡಿತ: ಮೊದಲ ಆರು ತಿಂಗಳು ಏನೂ ಇಲ್ಲ, ನಾಲ್ಕರಿಂದ ಐದು ವರ್ಷದ ಕಾರಿಗೆ ಶೇ. 35, ಹತ್ತು ವರ್ಷ ದಾಟಿದರೆ ಅರ್ಧ. ಪೇಂಟಿಂಗ್ ಬಿಲ್ಲಿನಲ್ಲಿ ಕಾಲು ಭಾಗವನ್ನು ಬಣ್ಣದ ಬೆಲೆ ಎಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ. ಲೇಬರ್ ಪೂರ್ತಿ ಸಿಗುತ್ತದೆ.

"ಬಂಪರಿಗೆ ಕೊಡೋದು 4,500. ಡಿಕ್ಕಿ ಬಾಗಿಲಿಗೆ 10,400. ಟೇಲ್ ಲ್ಯಾಂಪ್ ಪ್ಲಾಸ್ಟಿಕ್ಕು, ಅದಕ್ಕೆ 2,500. ಲೇಬರ್ 6,000. ಪೇಂಟಿಂಗಿಗೆ 10,500. ಕೂಡಿದರೆ 33,900. ನಿನ್ನದು ಸಣ್ಣ ಇಂಜಿನ್ನು, 1500 ಸಿಸಿ ಒಳಗೆ. ಅದಕ್ಕೆ ಕಡ್ಡಾಯ ಕಡಿತ ಒಂದು ಸಾವಿರ. ಕೈಗೆ ಬರೋದು 32,900. ನಿನ್ನ ಜೇಬಿನಿಂದ 15,100."

"ತಪ್ಪು ಮಾಡದೇ ಇದ್ದದ್ದಕ್ಕೆ ಹದಿನೈದು ಸಾವಿರ ದಂಡ!"

"ತಾಳು, ಇನ್ನೂ ಮುಗಿದಿಲ್ಲ. ಎನ್‌ಸಿಬಿ ಎಷ್ಟಿದೆ?"

"ನಲವತ್ತೈದು ಪರ್ಸೆಂಟ್."

"ಈ ವರ್ಷ ಕ್ಲೇಮ್ ಆಗದೇ ಇದ್ದಿದ್ರೆ ಮುಂದಿನ ಸಲ ಐವತ್ತಾಗ್ತಿತ್ತು. ಕ್ಲೇಮ್ ಆದ್ರೆ ಸೊನ್ನೆ."

ನೋ ಕ್ಲೇಮ್ ಬೋನಸ್ ಎಂಬುದು ಕ್ಲೇಮ್ ಇಲ್ಲದೆ ಕಳೆದ ವರ್ಷಗಳಿಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ. ಶೇ. 20, 25, 35, 45, 50 ಎಂದು ಮೆಟ್ಟಿಲು ಹತ್ತುತ್ತದೆ, ಒಂದೇ ಕ್ಲೇಮಿಗೆ ಕೆಳಗಿಳಿದು ನೆಲ ಮುಟ್ಟುತ್ತದೆ. ಮತ್ತೆ ಮೇಲೇರಲು ಐದು ವರ್ಷ ಬೇಕು. ಅವಳ ಓನ್ ಡ್ಯಾಮೇಜ್ ಪ್ರೀಮಿಯಂ ರಿಯಾಯಿತಿಗೆ ಮುಂಚೆ 9,000 ರೂಪಾಯಿ ಎಂದಿಟ್ಟುಕೊಂಡು ಹಿರಿಯರು ಬರೆದರು: ಮೊದಲ ವರ್ಷ ಕಳೆದುಕೊಳ್ಳುವುದು 4,500, ಎರಡನೆಯ ವರ್ಷ 2,700, ಆಮೇಲೆ 2,250, 1,350, ಕೊನೆಗೆ 450. ಒಟ್ಟು 11,250. ಕಾರಿನ ಐಡಿವಿ, ಅಂದರೆ ಪಾಲಿಸಿಯಲ್ಲಿ ನಮೂದಾದ ಕಾರಿನ ಬೆಲೆ, ವರ್ಷವರ್ಷ ಇಳಿಯುವುದರಿಂದ ನಿಜದಲ್ಲಿ ಇದು ಸ್ವಲ್ಪ ಕಡಿಮೆಯಾದೀತು. ಆದರೂ 48,000ದ ಬಿಲ್ಲಿಗೆ ಅವಳಿಗೆ ನಿಜವಾಗಿ ದಕ್ಕುವುದು ಹೆಚ್ಚುಕಡಿಮೆ 21,650 ರೂಪಾಯಿ. ಅರ್ಧಕ್ಕೂ ಕಡಿಮೆ. ಜೀರೋ ಡೆಪ್ ಇದ್ದಿದ್ದರೆ ಆ ಹದಿನೈದು ಸಾವಿರದ ಬದಲು ಸುಮಾರು ಒಂದು ಸಾವಿರದಲ್ಲಿ ಮುಗಿಯುತ್ತಿತ್ತು. ಎನ್‌ಸಿಬಿ ಮಾತ್ರ ಆಗಲೂ ಹೋಗುತ್ತಿತ್ತು.

"ಆ ಸಿಂಗಾಪುರದಲ್ಲಿ ಹೀಗಿಲ್ಲ ಅಂಕಲ್," ಎಂದಳು ಆಕೆ. ಅವಳ ಅಣ್ಣ ಇರುವುದು ಹೆಸರಿನಲ್ಲಿ ಮಾತ್ರ ಒಂದೇ ಆದ ಇನ್ನೊಂದು ಸಿಂಗಾಪುರದಲ್ಲಿ. "ಅವನ ಕಾರಿಗೂ ಒಮ್ಮೆ ಹಿಂದಿನಿಂದ ಗುದ್ದಿದ್ರು. ಇಪ್ಪತ್ನಾಲ್ಕು ಗಂಟೆಯೊಳಗೆ ಅಥವಾ ಮಾರನೆ ಕೆಲಸದ ದಿನ ತನ್ನ ಕಂಪನಿಗೆ ರಿಪೋರ್ಟ್ ಮಾಡಬೇಕಂತೆ, ಗೀರು ಬಿದ್ದಿದ್ರೂ, ಬೀಳದೇ ಇದ್ರೂ. ಮಾಡ್ದ. ಬೋನಸ್ ಹೋಗಲಿಲ್ಲ."

ಅವಳು ಹೇಳಿದ್ದು ಸರಿ. ಅಲ್ಲಿ 2008ರ ಜೂನ್‌ನಿಂದ ಮೋಟಾರ್ ಕ್ಲೇಮ್ಸ್ ಫ್ರೇಮ್‌ವರ್ಕ್ ಎಂಬ ನಿಯಮ ಜಾರಿಯಲ್ಲಿದೆ. ಯಾವ ಬಗೆಯ ಡಿಕ್ಕಿಯಲ್ಲಿ ಯಾರ ಪಾಲು ಎಷ್ಟು ಎಂದು ಚಿತ್ರಸಹಿತ ಹೇಳುವ ಕೋಷ್ಟಕವನ್ನು ವಿಮಾ ಕಂಪನಿಗಳೇ ಸೇರಿ ಮಾಡಿಕೊಂಡಿವೆ. ತಪ್ಪಿನ ಪಾಲು ಶೇ. 20 ಮೀರದಿದ್ದರೆ ಬೋನಸ್ಸಿಗೆ ಕೈ ಹಚ್ಚುವುದಿಲ್ಲ. ನಮ್ಮಲ್ಲಿ ಅಂಥ ಕೋಷ್ಟಕವಿಲ್ಲ. ಗುದ್ದಿದವನನ್ನೂ ಗುದ್ದಿಸಿಕೊಂಡವಳನ್ನೂ ಎನ್‌ಸಿಬಿ ಒಂದೇ ಕಣ್ಣಿನಿಂದ ನೋಡುತ್ತದೆ. ನಾಕ್ ಫಾರ್ ನಾಕ್‌ನಿಂದ ಕಂಪನಿಗಳಿಗೆ ಉಳಿಯುವ ಖರ್ಚಿನಲ್ಲಿ ಒಂದು ಪಾಲನ್ನು ತೆರುವವರು ತಪ್ಪು ಮಾಡದ ಗ್ರಾಹಕರು. ಇದು ಅನ್ಯಾಯ. ಇದನ್ನು ಸರಿಪಡಿಸಲು ಸಂಸತ್ತು ಕಾಯ್ದೆ ಮಾಡಬೇಕಾಗಿಲ್ಲ, ವಿಮಾ ನಿಯಂತ್ರಣ ಪ್ರಾಧಿಕಾರ ಮನಸ್ಸು ಮಾಡಿದರೆ ಸಾಕು.

"ಹಾಗಾದ್ರೆ ಅವನು ಅಲ್ಲೇ ಕೊಡ್ತೀನಿ ಅಂದ ದುಡ್ಡು ಇಸ್ಕೊಂಡಿದ್ರೇ ಚೆನ್ನಾಗಿತ್ತೇನೋ."

"ಎಷ್ಟು ಕೊಡ್ತೀನಿ ಅಂದ?"

"ಎರಡು ಸಾವಿರ. ಸೇರಿದ್ದ ಜನ ಎಲ್ಲಾ 'ಬಡವ ಮೇಡಂ, ಇಸ್ಕೊಂಡು ಬಿಟ್ಬಿಡಿ, ಟ್ರಾಫಿಕ್ ಜಾಮ್ ಆಗ್ತಿದೆ' ಅಂದ್ರು."

ಬೆಂಗಳೂರಿನಲ್ಲಿ ಅಪಘಾತದ ವಿಚಾರಣೆ ಕೋರ್ಟಿಗೆ ಹೋಗುವ ಮುನ್ನ ರಸ್ತೆಯಲ್ಲೇ ಒಂದು ಪಂಚಾಯಿತಿ ಸೇರುತ್ತದೆ. ಹಿಂದೆ ನಿಂತ ನೂರು ಗಾಡಿಗಳ ಹಾರ್ನೇ ಅದರ ತೀರ್ಪು.

"ಅಲ್ಲಿ ಇಸ್ಕೊಳ್ಳದೇ ಇದ್ದದ್ದು ಒಳ್ಳೇದಾಯ್ತು," ಎಂದರು ಹಿರಿಯರು. "ಬಂಪರ್ ಬಿಚ್ಚದೆ ಒಳಗೆ ಏನಾಗಿದೆ ಅಂತ ದೇವರಿಗೂ ಗೊತ್ತಾಗಲ್ಲ. ಅಲ್ಲದೆ 'ರಾಜಿಯಾಗಿದ್ದೇವೆ, ಮುಂದೆ ಯಾವ ಕ್ಲೇಮೂ ಇಲ್ಲ' ಅಂತ ಒಂದು ಚೀಟಿಗೆ ಸಹಿ ಹಾಕಿಸಿಕೊಳ್ತಾರೆ. ಆಮೇಲೆ ನಿನ್ನ ಕಂಪನಿ ನಿನಗೆ ದುಡ್ಡು ಕೊಟ್ಟರೆ ಟೆಂಪೊದವನ ಮೇಲೆ ಹೋಗೋ ಹಕ್ಕು ಅವರಿಗೆ ಬರುತ್ತೆ. ಆ ಹಕ್ಕನ್ನ ನೀನು ರಸ್ತೆಯಲ್ಲೇ ಎರಡು ಸಾವಿರಕ್ಕೆ ಮಾರಿದ ಹಾಗಾಗುತ್ತೆ. ಪಾಲಿಸಿಯ ಷರತ್ತುಗಳನ್ನು ಓದಿ ನೋಡು, ಕಂಪನಿಗೆ ಕೇಳದೆ ಒಪ್ಪಿಗೆ, ರಾಜಿ, ಪಾವತಿ ಏನೂ ಮಾಡಬಾರದು ಅಂತ ಬರೆದಿರುತ್ತೆ."

"ಮತ್ತೆ ಅವನ ಹತ್ರ ಕೇಳೋದೇ ಬೇಡ್ವಾ?"

"ಕೇಳಬೇಕು, ಎಸ್ಟಿಮೇಟ್ ಕೈಗೆ ಬಂದ ಮೇಲೆ. ಡ್ರೈವರನ್ನಲ್ಲ, ಮಾಲೀಕನನ್ನು. ಎಷ್ಟೋ ಟೆಂಪೊ ಮಾಲೀಕರು ಕೇಸು, ಗಾಡಿ ಠಾಣೆಯಲ್ಲಿ ನಿಲ್ಲೋದು, ಅಷ್ಟು ದಿನದ ಬಾಡಿಗೆ ಹೋಗೋದು, ಇದನ್ನೆಲ್ಲ ನೆನೆಸಿಕೊಂಡು ಗ್ಯಾರೇಜಿಗೇ ದುಡ್ಡು ಕಟ್ಟಿಬಿಡ್ತಾರೆ. ಪೂರ್ತಿ ಬಿಲ್ಲು ಅವನೇ ಕಟ್ಟಿದ್ರೆ ನಿನಗೆ ಅದೇ ಎಲ್ಲಕ್ಕಿಂತ ಒಳ್ಳೇದು. ಕ್ಲೇಮ್ ಬೇಡ, ಎನ್‌ಸಿಬಿ ಉಳಿಯುತ್ತೆ. ಯುಪಿಐನಲ್ಲಿ ಹಾಕಿಸಿಕೋ, ಬಿಲ್ಲಿಗೇ ಅಂತ ಬರೆಸಿಕೋ. ಆದರೆ ಅವನು ಇವತ್ತು ನಾಳೆ ಅಂತ ಎಳೆದಾಡಿದ್ರೆ ಅಂತ, ಕಂಪನಿಗೆ ಮೊದಲೇ ತಿಳಿಸಿಟ್ಟಿರಬೇಕು. ತಿಳಿಸಿ, ದುಡ್ಡು ತಗೊಳ್ಳದೆ ವಾಪಸು ಪಡೆದ ಕ್ಲೇಮಿಗೆ ಸಾಮಾನ್ಯವಾಗಿ ಎನ್‌ಸಿಬಿ ಹೋಗಲ್ಲ. ಆದ್ರೂ ಇಮೇಲ್‌ನಲ್ಲಿ ಕೇಳಿ ಉತ್ತರ ತರಿಸಿಟ್ಟುಕೋ."

ಆಮೇಲೆ ಅವರು ಕೇಳಿದ್ದು ಫೋಟೋಗಳನ್ನು. ಮೂವತ್ತು ವರ್ಷದ ಅಭ್ಯಾಸ, ಕಾರು ನೋಡುವ ಮೊದಲು ಫೋಟೋ ನೋಡುವುದು. ಅವಳು ತೆಗೆದಿದ್ದದ್ದು ಬಂಪರಿನ ಏಳೆಂಟು ಕ್ಲೋಸಪ್‌ಗಳು. ಹಿರಿಯರು ತಲೆಯಾಡಿಸಿದರು. ಒಡೆದ ಬಂಪರನ್ನು ಸರ್ವೇಯರ್ ಬಂದು ಹೇಗೂ ನೋಡುತ್ತಾನೆ. ಆಮೇಲೆ ಯಾರಿಗೂ ನೋಡಲು ಸಿಗದಿರುವುದು ಎರಡು ಗಾಡಿ ಗುದ್ದಿದ ಕ್ಷಣದಲ್ಲಿ ನಿಂತಿದ್ದ ರೀತಿ. ಎರಡೂ ನಂಬರ್ ಪ್ಲೇಟು ಒಂದೇ ಚೌಕಟ್ಟಿನಲ್ಲಿ ಬರುವ ದೂರದ ಫೋಟೋ, ಲೇನ್ ಗೆರೆ, ಟೈರಿನ ಉಜ್ಜು ಗುರುತು, ಜಾಗ ಗೊತ್ತಾಗುವಂಥ ಒಂದು ಅಂಗಡಿ ಬೋರ್ಡೋ ಮೆಟ್ರೊ ಕಂಬವೋ. ಗಾಡಿಗಳನ್ನು ಬದಿಗೆ ಸರಿಸುವ ಮುನ್ನ ಅರ್ಧ ನಿಮಿಷದ ವಿಡಿಯೊ ಇಷ್ಟನ್ನೂ ಹಿಡಿದಿಡುತ್ತದೆ. ಅವಳ ಅದೃಷ್ಟಕ್ಕೆ ಕಾರಿನಲ್ಲಿ ಡ್ಯಾಶ್‌ಕ್ಯಾಮ್ ಇತ್ತು. ಅದು ಮುಂದಿನದನ್ನು ಮಾತ್ರ ನೋಡುವ ಕ್ಯಾಮೆರಾ. ಆದರೂ ಮುಂದಿನ ಗಾಡಿ ನಿಂತದ್ದು, ಇವಳೂ ನಿಂತದ್ದು, ಆಮೇಲೆ ಇಡೀ ಚಿತ್ರ ಕುಲುಕಿದ್ದು, ಮೂರೂ ಸಮಯದ ಸಮೇತ ಅದರಲ್ಲಿತ್ತು.

"ಇದು ಚಿನ್ನ," ಎಂದರು. "ಕಾರ್ಡು ತೆಗೆದಿಡು. ಇಲ್ಲದಿದ್ರೆ ಅದರ ಮೇಲೇ ಹೊಸದು ರೆಕಾರ್ಡ್ ಆಗಿ ಅಳಿಸಿಹೋಗುತ್ತೆ. ಟೆಂಪೊದ ಕಾಗದ ಏನಾದ್ರೂ ತಗೊಂಡೆಯಾ?"

"ನಂಬರು, ಡ್ರೈವರಿನ ಡಿಎಲ್ ಫೋಟೊ. ಇನ್ಶೂರೆನ್ಸ್ ಕೇಳಿದ್ದಕ್ಕೆ ಓನರ್ ಹತ್ರ ಇದೆ ಅಂದ."

"ಎಂಪರಿವಾಹನ್ ಆ್ಯಪ್‌ನಲ್ಲಿ ಆ ನಂಬರು ಹಾಕು."

ಹಾಕಿದಳು. ವಿಮೆ ಚಾಲ್ತಿಯಲ್ಲಿತ್ತು. ಇದೂ ಒಂದು ಅದೃಷ್ಟವೇ. ಕಾನೂನು ಎಷ್ಟೇ ಕಡ್ಡಾಯ ಮಾಡಿದರೂ ದೇಶದ ವಾಹನಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ವಿಮೆಯಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ ದಂಡ 2,000 ರೂಪಾಯಿ ಅಥವಾ ಮೂರು ತಿಂಗಳವರೆಗೆ ಜೈಲು. ದಂಡ ಕಟ್ಟಿದವನ ಗಾಡಿ ಮಾರನೆಯ ದಿನ ಮತ್ತೆ ವಿಮೆಯಿಲ್ಲದೆ ಓಡುವುದುಂಟು. ಹೊಸ ಕಾರಿಗೆ ಮೂರು ವರ್ಷ, ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಮಾಡಿಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿ, ಅದು 2018ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದದ್ದು ಇದೇ ಕಾರಣಕ್ಕೆ. ವಿಮೆಯಿಲ್ಲದ ಗಾಡಿ ಗುದ್ದಿದರೆ ನ್ಯಾಯಮಂಡಳಿ ಮಾಲೀಕನ ಮೇಲೆ ಆದೇಶ ಮಾಡುತ್ತದೆ. ಆ ಆದೇಶವನ್ನು ದುಡ್ಡಾಗಿಸುವುದೇ ಇನ್ನೊಂದು ಕೇಸು.

"ಡ್ರೈವರಿಗೆ ಸರಿಯಾದ ಲೈಸೆನ್ಸ್ ಇಲ್ಲದಿದ್ರೆ?"

"ಅದು ಅವರ ಕಂಪನಿಯ ತಲೆನೋವು. 2004ರ ಸ್ವರಣ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ದಾರಿ ಹಾಕಿಕೊಟ್ಟಿದೆ. ಮೊದಲು ಮೂರನೆಯವರಿಗೆ ಪರಿಹಾರ ಕೊಡಿ, ಆಮೇಲೆ ನಿಮ್ಮ ಗ್ರಾಹಕನಿಂದ ವಸೂಲು ಮಾಡಿಕೊಳ್ಳಿ ಅಂತ."

"ಬಿಎಂಟಿಸಿ ಬಸ್ಸು ಗುದ್ದಿದ್ರೆ?"

"ಆವಾಗ ಕಥೆಯೇ ಬೇರೆ. ಸಾರಿಗೆ ನಿಗಮಗಳಿಗೆ ವಿಮೆ ಮಾಡಿಸೋದರಿಂದ ವಿನಾಯಿತಿ ಪಡೆಯೋ ಅವಕಾಶವನ್ನು ಕಾಯ್ದೆಯೇ ಕೊಟ್ಟಿದೆ, ಅವರೇ ಒಂದು ನಿಧಿ ಇಟ್ಟಿರಬೇಕು. ಅದಕ್ಕೇ ಅಂಥ ಕೇಸಿನಲ್ಲಿ ಎದುರುದಾರ ಅಂತ ಬಿಎಂಟಿಸಿ ವ್ಯವಸ್ಥಾಪಕ ನಿರ್ದೇಶಕರ ಹೆಸರೇ ಇರುತ್ತೆ. ಪರಿಹಾರ ಕಟ್ಟಲಿಲ್ಲ ಅಂತ ಕೋರ್ಟಿನ ಅಮೀನರು ಬಸ್ ಸ್ಟ್ಯಾಂಡಿಗೇ ಬಂದು ಸರ್ಕಾರಿ ಬಸ್ಸು ಜಪ್ತಿ ಮಾಡಿದ ಸುದ್ದಿ ಪೇಪರಿನಲ್ಲಿ ಓದಿಲ್ವಾ?"

ಪೊಲೀಸ್ ದೂರಿನ ವಿಷಯಕ್ಕೆ ಬಂದಾಗ ಆಕೆ ಹಿಂಜರಿದಳು. ಗಾಯವಾಗಿಲ್ಲವಲ್ಲ, ಠಾಣೆಗೆ ಯಾಕೆ ಅಲೆಯುವುದು ಎಂಬುದು ಅವಳ ವಾದ. ಓನ್ ಡ್ಯಾಮೇಜ್ ಕ್ಲೇಮಿಗೆ ಬಹುತೇಕ ಕಂಪನಿಗಳು ಇಂಥ ಪ್ರಕರಣದಲ್ಲಿ ಎಫ್‌ಐಆರ್ ಕೇಳುವುದೂ ಇಲ್ಲ. ಆದರೆ ಟೆಂಪೊ ಮಾಲೀಕನ ಮೇಲೋ ಅವನ ಕಂಪನಿಯ ಮೇಲೋ ಹೋಗುವುದಾದರೆ, ತಪ್ಪು ಅವನದು ಎಂದು ಹೇಳುವ ಮೊದಲ ಸರ್ಕಾರಿ ಕಾಗದ ಎಂದರೆ ಸಂಚಾರ ಠಾಣೆಯದು. ಅಜಾಗರೂಕ ಚಾಲನೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂನಡಿ ಬರುತ್ತದೆ, ಹಿಂದಿನ ಐಪಿಸಿ 279. ಯಾರಿಗೂ ಗಾಯವಾಗದಿದ್ದರೂ ಅದು ಪೊಲೀಸರು ದಾಖಲಿಸಬಹುದಾದ ಅಪರಾಧವೇ. ಠಾಣೆ ನಮ್ಮ ಸರಹದ್ದಲ್ಲ ಎಂದು ವಾಪಸು ಕಳಿಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಯಾವ ಠಾಣೆಯಲ್ಲಾದರೂ ದೂರು ಕೊಡಲು ಅವಕಾಶ ಮಾಡಿದೆ. ಇಮೇಲ್‌ನಂಥ ವಿದ್ಯುನ್ಮಾನ ದಾರಿಯಲ್ಲೂ ಕೊಡಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ತೆಗೆದುಕೊಳ್ಳದಿದ್ದರೆ ಲಿಖಿತವಾಗಿ ಮೇಲಧಿಕಾರಿಗೆ ಕಳಿಸಬಹುದು.

"ರಾಜಿ ಮಾಡ್ಕೊಳ್ಳಿ ಅಂತಾರಂತೆ."

"ಅನ್ನಲಿ. ಎಫ್‌ಐಆರ್ ಆಗುತ್ತೋ ಬಿಡುತ್ತೋ, ದೂರಿಗೆ ಸ್ವೀಕೃತಿಯನ್ನೋ ಹಿಂಬರಹವನ್ನೋ ಇಸ್ಕೊಳ್ಳದೆ ಬರಬೇಡ. ಕನ್ನಡದಲ್ಲೇ ಬರಿ. ದಿನಾಂಕ, ಸಮಯ, ಜಾಗ, ನಿನ್ನ ಗಾಡಿ ನಿಂತಿತ್ತು, ಅವನದು ಹಿಂದಿನಿಂದ ಬಂತು, ಇಷ್ಟೇ. ವ್ಯಥೆ ಕೋಪ ಎಲ್ಲಾ ಬರೀಬೇಡ."

ಅಷ್ಟರಲ್ಲಿ ಆಕೆ ಎರಡು ಸಲ ಕುತ್ತಿಗೆ ಉಜ್ಜಿಕೊಂಡಿದ್ದಳು. ಹಿರಿಯರು ಅದನ್ನು ಗಮನಿಸಿದರು.

"ನೋವಿದೆಯಾ?"

"ಬೆಳಿಗ್ಗೆಯಿಂದ ಸ್ವಲ್ಪ ಹಿಡಿದಂಗಿದೆ."

"ಮತ್ತೆ ಗಾಯ ಆಗಿಲ್ಲ ಅಂತಿದ್ದೀಯಲ್ಲ! ಇಲ್ಲಿಂದ ನೇರ ಆಸ್ಪತ್ರೆಗೆ ಹೋಗು. ಅಪಘಾತ ಅಂತ ಹೇಳಿ ಪೊಲೀಸ್ ಪ್ರಕರಣಕ್ಕೆ ಬೇಕಾಗೋ ವೈದ್ಯಕೀಯ ದಾಖಲೆ, ಅಂದ್ರೆ ಎಂಎಲ್‌ಸಿ ಮಾಡಿಸು."

ಹಿಂದಿನಿಂದ ಗುದ್ದಿದಾಗ ತಲೆ ಹಿಂದಕ್ಕೂ ಮುಂದಕ್ಕೂ ಒಗೆದಂತಾಗಿ ಕುತ್ತಿಗೆಯ ಸ್ನಾಯುಗಳು ಎಳೆತಕ್ಕೆ ಸಿಗುತ್ತವೆ. ನೋವು ಕಾಣಿಸಿಕೊಳ್ಳುವುದು ಅನೇಕ ಸಲ ಮಾರನೆಯ ದಿನ. ಗಾಯದ ದಾಖಲೆ ಬಂದ ಕೂಡಲೇ ಪ್ರಕರಣದ ತೂಕ ಬದಲಾಗುತ್ತದೆ. 2022ರಲ್ಲಿ ಬಂದ ಕೇಂದ್ರ ನಿಯಮಗಳ ಪ್ರಕಾರ ಸಾವು, ಗಾಯದ ಅಪಘಾತಗಳಲ್ಲಿ ಪೊಲೀಸರು 48 ಗಂಟೆಯೊಳಗೆ ಮೊದಲ ವರದಿಯನ್ನು ನ್ಯಾಯಮಂಡಳಿಗೆ ಕಳಿಸಬೇಕು, 90 ದಿನದೊಳಗೆ ವಿವರವಾದ ವರದಿ ಕೊಡಬೇಕು. ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಗುದ್ದಿ ಓಡಿಹೋದ ಗಾಡಿ ಪತ್ತೆಯಾಗದಿದ್ದರೆ ಬೇರೆಯೇ ಒಂದು ನಿಧಿಯಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಇದೆ. 2022ರ ಏಪ್ರಿಲ್ 1ಕ್ಕೆ ಮುಂಚೆ ಈ ಮೊತ್ತಗಳು ಸಾವಿಗೆ 25,000, ಗಾಯಕ್ಕೆ 12,500 ಇದ್ದವು.

"ಒಂದು ಗಡುವು ಮಾತ್ರ ಮರೀಬೇಡ," ಎಂದರು. "2019ರ ತಿದ್ದುಪಡಿಯಲ್ಲಿ ನ್ಯಾಯಮಂಡಳಿಗೆ ಅರ್ಜಿ ಹಾಕೋಕೆ ಅಪಘಾತದ ದಿನದಿಂದ ಆರು ತಿಂಗಳು ಅಂತ ಸೇರಿಸಿದಾರೆ. 2022ರ ಏಪ್ರಿಲ್‌ನಿಂದ ಜಾರಿ. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಿದ್ದಾರೆ. ನೀನು ಅವರನ್ನು ನಂಬಿ ಏಳನೇ ತಿಂಗಳವರೆಗೆ ಕಾಯಬೇಡ."

ಸರ್ವೇಯರ್ ಬರುವ ಮುನ್ನ ಏನನ್ನೂ ಬಿಚ್ಚಿಸಬಾರದು, ರಿಪೇರಿ ಶುರು ಮಾಡಿಸಬಾರದು ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಗ್ಯಾರೇಜಿನವನ ಉಪಾಯ. ಎಡಗಡೆ ಬಾಗಿಲಿನ ಹಳೆಯ ಗೀರನ್ನೂ ಇದರಲ್ಲೇ ಸೇರಿಸಿ ಟಿಂಕರಿಂಗ್ ಪೇಂಟಿಂಗ್ ಮಾಡಿಸಿಬಿಡೋಣ ಮೇಡಂ ಎಂದಿದ್ದನಂತೆ.

"ಹಿಂದಿನಿಂದ ಗುದ್ದಿದ ಟೆಂಪೊ ಎಡಗಡೆ ಬಾಗಿಲಿಗೆ ಗೀರು ಹಾಕಲ್ಲ," ಎಂದು ಹಿರಿಯರು ಸಿಡುಕಿದರು. ನಿವೃತ್ತಿಯಾದರೂ ಸರ್ವೇಯರ್ ಸರ್ವೇಯರೇ. "ಗೀರಿನೊಳಗೆ ತುಕ್ಕು ಇರುತ್ತೆ, ಧೂಳು ಕೂತಿರುತ್ತೆ. ನೋಡಿದ ತಕ್ಷಣ ಹಳೇದು ಅಂತ ಗೊತ್ತಾಗುತ್ತೆ. ಒಂದು ಸುಳ್ಳು ಸೇರಿದ್ರೆ ನಿಜವಾದ ಕ್ಲೇಮೂ ಅನುಮಾನಕ್ಕೆ ಬೀಳುತ್ತೆ."

ಕಂಪನಿಗಳ ಮೇಲೂ ಗಡುವಿದೆ. ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಜೂನ್‌ನಲ್ಲಿ ಹೊರಡಿಸಿದ ಮಾಸ್ಟರ್ ಸರ್ಕ್ಯುಲರ್ ಪ್ರಕಾರ ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರನ್ನು ನೇಮಿಸಬೇಕು. ಅವನು 15 ದಿನದಲ್ಲಿ ವರದಿ ಕೊಡಬೇಕು. ವರದಿ ಬಂದ ಏಳು ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ಕೊಟ್ಟ ಮೊತ್ತ ಒಪ್ಪಿಗೆಯಾಗದಿದ್ದರೆ, 'ಪೂರ್ಣ ಮತ್ತು ಅಂತಿಮ' ಎಂದು ಬರೆದ ವೋಚರಿಗೆ ಸುಮ್ಮನೆ ಸಹಿ ಹಾಕಬಾರದು. ಕಂಪನಿಗೆ ಲಿಖಿತ ದೂರು ಕೊಟ್ಟು 30 ದಿನ ಕಾದು ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಬೆಂಗಳೂರಿನ ಕಚೇರಿ ಜೆ.ಪಿ. ನಗರ ಒಂದನೇ ಹಂತದ ಜೀವನ ಸೌಧದಲ್ಲಿದೆ. ಫೀಸಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ಪ್ರಕರಣಗಳನ್ನು ನೋಡುತ್ತಾರೆ. ಗ್ರಾಹಕರ ಆಯೋಗವೂ ಇದೆ. ಆದರೆ ಈ ಎರಡೂ ಕಡೆ ಹೋಗಲು ಆಗುವುದು ಸ್ವಂತ ಕಂಪನಿಯ ವಿರುದ್ಧ ಮಾತ್ರ. ಟೆಂಪೊದ ಕಂಪನಿಗೆ ಅವಳು ಗ್ರಾಹಕಳಲ್ಲ, ಅವರ ಮೇಲೆ ಹೋಗಲು ನ್ಯಾಯಮಂಡಳಿಯೇ ಗತಿ.

"ಮೊದಲು ನನ್ನ ಕಂಪನಿಯಿಂದ ಮೂವತ್ಮೂರು ಸಾವಿರ ತಗೊಂಡು, ಆಮೇಲೆ ಪೂರ್ತಿ ನಲವತ್ತೆಂಟಕ್ಕೆ ಕೋರ್ಟಿಗೆ ಹೋದ್ರೆ?"

"ಒಂದೇ ನಷ್ಟಕ್ಕೆ ಎರಡು ಕಡೆ ದುಡ್ಡು ಸಿಗಲ್ಲ. ಬಾಕಿ ಹದಿನೈದಕ್ಕೆ ಹೋಗ್ತೀನಿ ಅಂದ್ರೂ ವಾದ ಏಳುತ್ತೆ, ಅದರಲ್ಲೂ ಪೂರ್ಣ ಪರಿಹಾರ ಅಂತ ಸಹಿ ಹಾಕಿದ್ದರೆ. ಹದಿನೈದು ಸಾವಿರಕ್ಕೆ ವಕೀಲರ ಫೀಸು ಹುಟ್ಟೋದೂ ಕಷ್ಟ. ಅದಕ್ಕೇ ಹೇಳಿದ್ದು, ದಾರಿ ಆರಿಸೋದು ಬಿಲ್ಲು ಕಟ್ಟಿದ ಮೇಲಲ್ಲ, ಸ್ಪ್ಯಾನರ್ ಹಿಡಿಯೋಕೆ ಮುಂಚೆ."

ಬಿಲ್ಲು ಹತ್ತು ಹನ್ನೆರಡು ಸಾವಿರದ್ದಾಗಿದ್ದರೆ ಯಾವ ಕ್ಲೇಮೂ ಬೇಡವೆಂದೇ ಅವರು ಹೇಳುತ್ತಿದ್ದರು. ಕಡಿತವೆಲ್ಲ ಕಳೆದು ಸಿಗುವುದಕ್ಕಿಂತ ಎನ್‌ಸಿಬಿಯಲ್ಲಿ ಹೋಗುವುದೇ ಹೆಚ್ಚು. ಬಿಲ್ಲು ಲಕ್ಷ ದಾಟಿದ್ದರೆ ಕಣ್ಣು ಮುಚ್ಚಿ ಓನ್ ಡ್ಯಾಮೇಜ್. ಐಡಿವಿಯ ಮುಕ್ಕಾಲು ಭಾಗ ಮೀರಿದರೆ ಕಂಪನಿಯೇ ಟೋಟಲ್ ಲಾಸ್ ಎಂದು ಘೋಷಿಸುತ್ತದೆ. ನಲವತ್ತೆಂಟು ಸಾವಿರ ಎಂಬುದು ಇವೆರಡರ ನಡುವಿನ ಎಡವಟ್ಟು ಮೊತ್ತ, ಮಾಲೀಕನ ಜೊತೆ ಮಾತಾಡಲು ತಕ್ಕದ್ದು.

ಆಕೆ ಅಲ್ಲೇ ನಿಂತು ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ಕ್ಲೇಮ್ ನಂಬರ್ ಪಡೆದಳು. ಆಸ್ಪತ್ರೆಯಲ್ಲಿ ಎಂಎಲ್‌ಸಿ ಆಯಿತು. ಕುತ್ತಿಗೆಗೆ ಐದು ದಿನದ ಮಾತ್ರೆ, ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ದೂರಿಗೆ ಸ್ವೀಕೃತಿ ಸಿಕ್ಕಿದ ಮೇಲೆ ಟೆಂಪೊ ಮಾಲೀಕನೇ ಫೋನ್ ಮಾಡಿದ. ಅವನು ಪೂರ್ತಿ ಬಿಲ್ಲಿಗೆ ಒಪ್ಪಲಿಲ್ಲ. ಕಂಪನಿಯ ಲಿಖಿತ ಒಪ್ಪಿಗೆ ಪಡೆದು, ಸವಕಳಿ ಮತ್ತು ಕಡ್ಡಾಯ ಕಡಿತದ 15,100 ರೂಪಾಯಿಯನ್ನು ಗ್ಯಾರೇಜಿನ ಖಾತೆಗೆ ಅವನಿಂದ ಹಾಕಿಸಿಕೊಂಡಳು. ಮಿಕ್ಕಿದ್ದು ಅವಳ ಪಾಲಿಸಿಯಿಂದ ಬಂತು. ಎನ್‌ಸಿಬಿ ಹೋಯಿತು, ಅದನ್ನು ತುಂಬಿಕೊಡುವವರು ಯಾರೂ ಇರಲಿಲ್ಲ.

ಓದುಗರು ಇಂದೇ ತಮ್ಮ ಪಾಲಿಸಿ ತೆಗೆದು ಮೂರು ಸಾಲು ನೋಡಬಹುದು: ಮೂರನೆಯವರ ಆಸ್ತಿ ನಷ್ಟದ ಮಿತಿ ಏಳೂವರೆ ಲಕ್ಷವೋ ಆರು ಸಾವಿರವೋ, ಜೀರೋ ಡೆಪ್ ಇದೆಯೋ ಇಲ್ಲವೋ, ಎನ್‌ಸಿಬಿ ಎಷ್ಟು. ಶೇ. 35 ದಾಟಿದ್ದರೆ ಮುಂದಿನ ರಿನ್ಯೂವಲ್‌ನಲ್ಲಿ ಎನ್‌ಸಿಬಿ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆಯ ಬೆಲೆಯನ್ನು ಏಜೆಂಟರಲ್ಲಿ ಕೇಳಿ.